ಚಿಕ್ಕವ್ವ ಎಂದು ಕರೆದದ್ದು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಊಟಕ್ಕೆ ಕುಳಿತರೂ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಮನೆಯವರು ನಗುತ್ತಾರೆ. ಹುಟ್ಟಿದಾಗ ನಾನು ಹೀಗಿರಲಿಲ್ಲ. ಇದು ಹತ್ತೊಂಬತ್ತರಲ್ಲಿ ಹತ್ತಿದ ರೋಗ, ಹತ್ತಿಸಿಕೊಂಡವಳೂ ನಾನೇ.

ನಮ್ಮದು ಹೊಸ ಅಗ್ರಹಾರದ ಹತ್ತಿರದ ಹಳ್ಳಿ, ನಾಲೆ ನೀರಿನ ಗದ್ದೆಯ ಮನೆ. ಅಪ್ಪನ ಮೊದಲ ಹೆಂಡತಿ ಮದುವೆಯಾದ ಮೂರು ವರ್ಷಕ್ಕೆ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಆಮೇಲೆ ಅಪ್ಪ ನನ್ನ ಅವ್ವನನ್ನು ತಂದ. ಅವ್ವ ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡವಳು. ಅಂಥವಳಿಗೆ ಮತ್ತೆ ಚಪ್ಪರ ಹಾಕಿ ಧಾರೆ ಎರೆಯುವ ಪದ್ಧತಿ ಇರಲಿಲ್ಲ. ನಾಲ್ಕು ಜನ ಹಿರಿಯರ ಮುಂದೆ ಹೊಸ ಸೀರೆ ಕೊಟ್ಟು, ಉಡಿಸಿ, ತಾಳಿ ಕಟ್ಟಿ ಕರೆತರುತ್ತಿದ್ದರು. ಅದಕ್ಕೆ ಸೀರೆ ಉಡಿಕೆ ಎನ್ನುತ್ತಿದ್ದರು. ಕದ್ದು ಮಾಡಿದ್ದಲ್ಲ, ಕುಲದವರೇ ಒಪ್ಪಿ ಮಾಡಿದ್ದು. ಆದರೂ ಉಡಿಕೆಯಾದವಳು, ಗಂಡ ಗುಂಡುಕಲ್ಲಿನಂತೆ ಇದ್ದರೂ, ಮುತ್ತೈದೆಯರ ಲೆಕ್ಕಕ್ಕಿಲ್ಲ. ಮದುವೆ ಮನೆಯಲ್ಲಿ ಅವಳನ್ನು ಅರಿಶಿನ ಕುಟ್ಟಲು ಕರೆಯುವುದಿಲ್ಲ, ಅನ್ನ ಬಸಿಯಲು ಕರೆಯುತ್ತಾರೆ. ಅವಳ ಮಕ್ಕಳು ಉಡಿಕೆ ಸಾಲಿನವರು. ಧಾರೆ ಸಾಲಿನ ಮನೆಯವರು ಅಲ್ಲಿಂದ ಹೆಣ್ಣು ತರುವುದಿಲ್ಲ.

ನನಗೆ ಇದೆಲ್ಲ ಸರಿಯಾಗಿ ತಿಳಿದದ್ದು ಗಂಡುಗಳು ಬರಲು ಶುರುವಾದ ಮೇಲೆ. ಕೆ.ಆರ್. ನಗರಕ್ಕೆ ಓಡಾಡಿಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಓದಿದವಳೆಂಬ ಜಂಬ ಬೇರೆ. ಹಂಪಾಪುರದ ಕಡೆಯವರು ಬಂದು, ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ವಾರದ ಮೇಲೆ ಹೇಳಿಕಳಿಸಿದರು: "ಎಣ್ಣು ಚೆಂದಾಗದೆ, ಸಾಲು ಕೂಡ್ಬರಕ್ಕಿಲ್ಲ." ಇನ್ನೊಂದು ಮನೆಯವರು ಹೇಳಿಕಳಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಆ ಪದ್ಧತಿಯ ಮೇಲೂ ಅಲ್ಲ. ಅವ್ವನ ಮೇಲೆ. ಅವಳು ಬಡಿಸಿದ ಮುದ್ದೆಯನ್ನು ಹಾಗೇ ಬಿಟ್ಟು ಏಳುತ್ತಿದ್ದೆ. ಅವಳು ತಟ್ಟೆಯನ್ನು ಎತ್ತಿ ಮುಚ್ಚಿಡುತ್ತಿದ್ದಳು.

ಮೂರನೆಯದು ಪಿರಿಯಾಪಟ್ಟಣದ ಕಡೆಯಿಂದ ಬಂದ ಸಂಬಂಧ. ಗಂಡು ಶಾಲೆ ಮೇಷ್ಟ್ರು, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಅವರು ಬರುವ ಮುಂಚಿನ ದಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನಡುಮನೆಯಲ್ಲಿ ಎಲೆ ಅಡಿಕೆ ಹಾಕುತ್ತ ಉಪಾಯ ಹೇಳಿದರು.

"ಇವ್ಳು ಸತ್ತೋದೋಳ ಮಗ್ಳು ಅಂದ್ಬುಡಾನ. ಅವ್ಳು ಧಾರೆಯೋಳು ತಾನೆ? ಸತ್ತೋರೇನು ಎದ್ಬಂದು ಇಲ್ಲ ಅಂದಾರಾ?"

ಅಪ್ಪ ನೆಲ ನೋಡಿದ. ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, "ಅಂಗೇ ಆಗ್ಲಿ ಬುಡಿ. ನಾನು ಚಿಕ್ಕವ್ವ ಆಯ್ತೀನಿ" ಎಂದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮದು ಒಂದೇ ಸುಳ್ಳು. ನಾನು ಬೇಡ ಎಂದು ತಲೆಯಾಡಿಸಿದ್ದರೆ ಅದೂ ನಿಲ್ಲುತ್ತಿತ್ತು. ಆಡಿಸಲಿಲ್ಲ. "ನಿನ್ ಬಾಯಲ್ಲಿ ಅವ್ವ ಅಂತ ಬಂದ್ಗಿಂದಾತು, ಉಸಾರು ಕಣೇ" ಎಂದು ಸೋದರತ್ತೆ ಎಚ್ಚರಿಸಿದಾಗ, ಹಿತ್ತಲಿಗೆ ಹೋಗಿ ಹಸುವಿನ ಮುಂದೆ ನಿಂತು ಚಿಕ್ಕವ್ವ, ಚಿಕ್ಕವ್ವ ಎಂದು ಅಭ್ಯಾಸ ಮಾಡಿದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನನ್ನ ಮೂಗು, ಗಲ್ಲ, ನಡೆಯುವ ರೀತಿ ಎಲ್ಲ ಅವ್ವನದೇ. ಗಂಡಿನ ತಾಯಿ ಅದನ್ನು ಕಂಡುಹಿಡಿಯುತ್ತಾರೆಂದು ನನಗೆ ಭಯ. ಅವ್ವನಿಗೂ ಅದು ಹೊಳೆದಿರಬೇಕು. ಅವರು ಬಂದ ದಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅಡುಗೆಮನೆಯ ಬಾಗಿಲು ದಾಟಲೇ ಇಲ್ಲ. ನಾನು ಎಲ್ಲರೆದುರು, "ಚಿಕ್ಕವ್ವ, ತಟ್ಟೆ ಕೊಡು" ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಆ ನಾಲಿಗೆಯ ಮೇಲೆ ನನಗೆ ಈಗಲೂ ಕೋಪವಿದೆ.

ಸಂಬಂಧ ಕೂಡಿತು. ಮದುವೆಗೆ ಮುಂಚೆ ಮನೆಯ ಹಿರಿಯರಿಗೆ ಎಡೆ ಇಡುವುದುಂಟು. ನನ್ನ ಅತ್ತೆಯಾಗುವವರು, ತಾಯಿಯಿಲ್ಲದ ಹುಡುಗಿ ಪಾಪ ಎಂದು, ತೀರಿಕೊಂಡ ತಾಯಿಯ ಎಡೆಗೆ ಇಡಲು ಒಂದು ಹಸಿರು ಸೀರೆ ಕಳಿಸಿದ್ದರು. ವಡೆ ಕರಿದು, ಪಾಯಸ ಮಾಡಿ, ಎಲೆಗೆ ಬಡಿಸಿ ಕೊಟ್ಟವಳು ಅವ್ವ. ನಾನು ಆ ಸೀರೆಯ ಮುಂದೆ ಅಡ್ಡಬಿದ್ದೆ. ಏಳುವಾಗ ಅವ್ವ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಬದುಕಿದ್ದ ತಾಯಿಗೇ ಎಡೆ ಇಟ್ಟವಳು ನಾನು. ಉಡಿಕೆಯವಳು ಧಾರೆಗೆ ಕೂರುವಂತಿಲ್ಲವೆಂದು ಮಾರನೆಯ ದಿನ ದೊಡ್ಡಪ್ಪ, ದೊಡ್ಡವ್ವ ಕುಳಿತು ಧಾರೆ ಎರೆದರು.

ಗಂಡನ ಮನೆಯಲ್ಲಿ ಅತ್ತೆ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. "ತಬ್ಬಲಿ ಕಣ್ಲಾ, ಅದ್ರ ಮುಂದೆ ದನಿ ಏರಿಸ್ಬ್ಯಾಡ" ಎಂದು ಮಗನನ್ನೇ ಗದರುತ್ತಿದ್ದರು. ಮುದ್ದೆಯ ಮೇಲೆ ನನಗೊಂದು ಚಮಚ ತುಪ್ಪ ಹೆಚ್ಚು. ಸುಳ್ಳೇಕೆ, ಆ ಕನಿಕರ ನನಗೆ ರುಚಿಸಿತ್ತು. ಮಲತಾಯಿ ಹೊಡೆಯುತ್ತಿದ್ದಳೇ ಎಂದು ಅವರು ಒಮ್ಮೆ ಕೇಳಿದಾಗ ನಾನು ಇಲ್ಲವೆನ್ನಲಿಲ್ಲ, ಸುಮ್ಮನೆ ತಲೆ ತಗ್ಗಿಸಿದೆ.

ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಅವ್ವ ಒಬ್ಬಳೇ, ಹುಣಸೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು, ಚಕ್ಕುಲಿ ಡಬ್ಬಿ ಹಿಡಿದು ಬಂದಳು. ಅತ್ತೆ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಅವ್ವ ಜಗಲಿಯ ತುದಿಯಲ್ಲಿ ಕುಳಿತು, ಅಂಗಳದಲ್ಲಿ ಸೊಪ್ಪು ಕಟ್ಟುತ್ತಿದ್ದ ನನ್ನನ್ನು ನೋಡಿ, ಮಧ್ಯಾಹ್ನದ ಬಸ್ಸಿಗೇ ಹೊರಟಳು. ಬಸ್ಸಿನ ತನಕ ಹೋಗಿ ಬಿಟ್ಟುಬರಲೂ ಹೆದರಿದೆ. ಜೊತೆಯಲ್ಲಿ ನಡೆದರೆ ಜನ ಎರಡು ಮುಖವನ್ನೂ ನೋಡುತ್ತಾರಲ್ಲ! ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗದು. ಹೇಳಿಬಿಡಲೇ ಎಂದು ಅತ್ತೆಯ ಬಳಿಗೆ ಹೋಗುವುದು, ಒಲೆಯ ಉರಿ ಸರಿಮಾಡಿ ವಾಪಸ್ಸು ಬರುವುದು. ಗಂಡನ ಬಳಿ ಹೋಗುವುದು, ಸ್ಕೂಲಿಗೆ ಹೊತ್ತಾಯಿತು ಎಂದು ನೆನಪಿಸಿ ಬರುವುದು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಮಗು. ಸೋದರತ್ತೆ ತೊಟ್ಟಿಲು ಬಗ್ಗಿ ನೋಡಿ, "ಎಣ್ಣಾಯ್ತಲ್ಲವ್ವ. ಇನ್ನು ಈ ಕೂಸಿನ ಮದ್ವೆ ಗಂಟ ಬಾಯಿ ಬಿಗಿ ಇಡ್ಬೇಕು" ಎಂದರು. ಅವ್ವ ಕೇಳಿಸಿಕೊಂಡು ತೊಟ್ಟಿಲು ತೂಗಿದಳು.

ಹದಿನೈದನೆಯ ದಿನ ಅತ್ತೆ ಮಗು ನೋಡಲು ಬಂದರು. ಬೆಳಗಿನ ಹೊತ್ತು. ಅವ್ವ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಸೆರಗು ಜಾರಿ ಮುಖ ಬಯಲಾಗಿತ್ತು, ಅದರ ಪರಿವೆ ಅವಳಿಗಿರಲಿಲ್ಲ. ಅತ್ತೆ ಬಾಗಿಲಲ್ಲಿ ನನ್ನ ಪಕ್ಕದಲ್ಲೇ ನಿಂತು ಬಹಳ ಹೊತ್ತು ನೋಡಿದರು.

"ನಾನು ತಪ್ಪು ತಿಳ್ಕಂಡಿದ್ದೆ ಕಣವ್ವ. ಮಲತಾಯಿ ಅಂತ ಮೊಕ ಕೊಟ್ಟು ಮಾತಾಡ್ಲಿಲ್ಲ. ಸ್ವಂತ ಮಗಳ ಕೂಸ್ಗೂ ಇಂಗೆ ನೀರು ಹಾಕೋರ್ನ ನಾ ಕಾಣೆ."

ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹಾಳಾಗಿ ಹೋಗಲಿ ಎಂದುಕೊಂಡು, ಅವಳ ಕಡೆ ಕೈಚಾಚಿ, "ಅವ್ವಾ" ಎಂದು ಕೂಗಿದೆ.

ಅತ್ತೆ ಬೆಚ್ಚಿ ನನ್ನನ್ನು ನೋಡಿದರು. ಅವ್ವ ತಿರುಗಲಿಲ್ಲ. ಮಗುವಿನ ಬೆನ್ನಿಗೆ ಇನ್ನೊಂದು ಚೊಂಬು ನೀರು ಹುಯ್ದು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಅತ್ತೆಗೆ ಹೇಳಿದಳು:

"ಸತ್ತೋದ ಅಕ್ಕನ್ನ ನೆನಸ್ಕತಾವ್ಳೆ ಕಣ್ರವ್ವ. ಬಾಣ್ತಿ ಅಲ್ವಾ, ಹೆತ್ತೋಳ ಗ್ಯಾನ ಬಂದದೆ."

ಅತ್ತೆ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು. ನಾನು ಎರಡನೆಯ ಸಲ ಕರೆಯಲಿಲ್ಲ.