ಚಾವಡಿಯ ಎದುರು ನಿಂತ ಆಟದ ಟೀಚರು

ಟೀಚರ ಮುಖಕ್ಕೆ ಎರಡು ಬಣ್ಣ. ಹುಬ್ಬಿನಿಂದ ಕೆಳಗೆ ಬಿಸಿಲಿಗೆ ಸುಟ್ಟು ಗೇರುಬೀಜದ ಸಿಪ್ಪೆಯಂತೆ ಕಂದು. ಹುಬ್ಬಿನಿಂದ ಮೇಲೆ, ವರ್ಷಗಟ್ಟಲೆ ಟೋಪಿಯ ಅಡಿಯಲ್ಲಿದ್ದುದರಿಂದ, ಬೆಳ್ಳಗೆ. ಟೋಪಿ ತೆಗೆದಾಗ ಹಣೆಯ ಮೇಲೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಆ ಗೆರೆ ಮರೆಯಾಗುತ್ತಿರಲಿಲ್ಲ. ಹೆಂಗಸರು ಅದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಟೀಚರು ಅತ್ತ ನೋಡುತ್ತಲೂ ಇರಲಿಲ್ಲ. ಅವರ ಗಮನವೆಲ್ಲ ಬಾಳೆಲೆಯ ಮೇಲೆ.

ಬಸ್ರೂರಿನ ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ಅವರು ಆಟದ ಟೀಚರು. ನನಗೂ ಕಬಡ್ಡಿ ಕಲಿಸಲು ನೋಡಿ ಸೋತವರು. ಎದುರಾಳಿಯ ಅಂಗಳಕ್ಕೆ ಹೋಗಿ ಉಸಿರು ಬಿಟ್ಟುಬಿಡುತ್ತಿದ್ದ ನನ್ನನ್ನು ಕೊನೆಗೆ ಗೆರೆ ಎಳೆಯುವ, ಸುಣ್ಣದ ಪುಡಿ ಹಾಕುವ ಕೆಲಸಕ್ಕೆ ಹಚ್ಚಿದ್ದರು. ಟೀಚರಿಗೆ ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ರಸ್ತೆಯಲ್ಲಿ ಸಣ್ಣ ಹೆಂಚಿನ ಮನೆ, ಒಂದು ಹಳೆಯ ಸ್ಕೂಟರ್, ಸಂಜೆಗೆ ಗೋಳಿಬಜೆ. ಗೋಳಿಬಜೆಯನ್ನು ಹೋಟೆಲಿನಲ್ಲಿ ಕೂತು ತಿಂದದ್ದನ್ನು ನಾನು ಕಂಡಿಲ್ಲ; ಸ್ಕೂಟರಿಗೆ ಒರಗಿ ನಿಂತೇ ತಿನ್ನುವುದು. "ಹೊಂದಿಕೊಂಡು ಹೋಗು" ಎಂಬ ಮಾತು ಕೇಳಿದರೆ ಮಾತ್ರ ತಿನ್ನುವುದನ್ನು ನಿಲ್ಲಿಸಿ, "ಯಾರ್ ಹೇಳದ್ ಅದ್?" ಎಂದು ಕೇಳುತ್ತಿದ್ದರು. ಹೇಳಿದವರು ಎದುರಿಗಿದ್ದರೆ ಅವರ ಗತಿ ಮುಗಿಯಿತು.

ಇನ್ನು ಚಾವಡಿಯ ಬಗ್ಗೆ ಹೇಳಬೇಕು. ಹೇಳುವಷ್ಟು ಘನವಾದದ್ದೇನೂ ಅಲ್ಲ ಅದು. ನಮ್ಮೂರ ದೇವಸ್ಥಾನದ ಎದುರಿಗೆ ತಗಡಿನ ಮಾಡು, ಗ್ರಾನೈಟ್ ನೆಲ, ಎರಡು ಫ್ಯಾನ್. ಗಂಡ ಹೆಂಡಿರ ಜಗಳ, ಹೆಣ್ಣುಮಕ್ಕಳ ಪಾಲು, ಮಕ್ಕಳು ಯಾರ ಬಳಿ ಇರಬೇಕು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ಕೂರುವವರು ಐದು ಮಂದಿ, ಐದೂ ಗಂಡಸರು. ನಡುವೆ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು. ಅವರ ಧರ್ಮಶಾಸ್ತ್ರದ ಓದು ದೇವಸ್ಥಾನದ ಆಮಂತ್ರಣ ಪತ್ರಿಕೆಯನ್ನು ದಾಟಿ ಮುಂದೆ ಹೋದದ್ದಲ್ಲ. ಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಮೊಬೈಲಿಗೆ ಬಂದ ಸುಪ್ರಭಾತದ ಚಿತ್ರಗಳನ್ನು ಇನ್ನೊಬ್ಬರಿಗೆ ಕಳಿಸುತ್ತಾ ಕೂರುತ್ತಿದ್ದರು. ಮತ್ತೊಬ್ಬರು ನಿದ್ದೆ ಮಾಡುತ್ತಿದ್ದರು. ಎಚ್ಚರವಾದಾಗ "ಅದೇ ಸರಿ" ಎನ್ನುತ್ತಿದ್ದರು. ಇವರ ತೀರ್ಪಿಗೆ "ದೇವರ ಮಾತು" ಎಂದು ಹೆಸರು. ಸಭೆ ಸೇರುತ್ತಿದ್ದದ್ದು ಮಧ್ಯಾಹ್ನದ ಮಹಾಪೂಜೆ ಮುಗಿದು ಗರ್ಭಗುಡಿಯ ಬಾಗಿಲು ಹಾಕಿದ ಮೇಲೆ. ದೇವರು ಒಳಗೆ, ಚಿಲಕ ಹೊರಗೆ, ಅವನ ಮಾತು ಇವರ ಬಾಯಲ್ಲಿ.

ನನ್ನನ್ನು ಅಲ್ಲಿಗೆ ಕರೆಸಿದ್ದು ಮಗಳಿಗೋಸ್ಕರ. ನನ್ನ ಗಂಡನಿಗೆ ಮುಂಬಯಿಯಲ್ಲಿ ಹೋಟೆಲು. ಗಿರಾಕಿಗಳೊಂದಿಗೆ ಬಹಳ ನಯ. ಮನೆಗೆ ಬಂದರೆ ಕೈ ಬೀಸುವವನು. ಕೆಲವು ವರ್ಷ ಸಹಿಸಿದೆ. ಮಗಳು ಅಪ್ಪನ ಹೆಜ್ಜೆ ಸದ್ದು ಕೇಳಿ ಮಂಚದಡಿಗೆ ಹೋಗಲು ಶುರುಮಾಡಿದ ಮೇಲೆ ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿ ತವರಿಗೆ ಬಂದುಬಿಟ್ಟೆ. ಅವನ ತಾಯಿಯ ಮನೆಯೂ ನಮ್ಮೂರೇ. ಅವರು ಚಾವಡಿಗೆ ದೂರು ಕೊಟ್ಟರು.

ಹೆಂಗಸರು ಚಾವಡಿಯ ಮೆಟ್ಟಿಲು ಹತ್ತುವಂತಿಲ್ಲ. ನಾನು ಅಂಗಳದಲ್ಲಿ ಕಾದ ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಬರಿಗಾಲಲ್ಲಿ ನಿಂತೆ. ಹೆಂಗಸರು ಮಾತಾಡುವಂತೆಯೂ ಇಲ್ಲ. ನನ್ನ ಪರವಾಗಿ ಮಾತಾಡಬೇಕಾದವನು ಅಣ್ಣಯ್ಯ. ಅವನು ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, "ನಮ್ ಬದಿಯಿಂದ್ಲೂ ತಪ್ಪಿತ್ತ್, ದೊಡ್ಡವ್ರ್ ಹೇಳದ್ ಹಾಂಗೆ" ಎಂದು ಕೂತುಬಿಟ್ಟ. ದೊಡ್ಡವರು ಇನ್ನೂ ಏನೂ ಹೇಳಿರಲಿಲ್ಲ. ಮುಂಬಯಿಯಿಂದ ಬಂದು ಕೂತಿದ್ದ ಗಂಡನ ಬಲಗೈಗೆ ತೀರ್ಥ ಹಾಕಿದರು. ತಾನು ಹೆಂಡತಿಯ ಮೇಲೆ ಕೈ ಮಾಡಿದ್ದೇ ಇಲ್ಲವೆಂದು ಅವನು ದೇವರ ಆಣೆ ಇಟ್ಟ. ಅಷ್ಟಕ್ಕೆ ವಿಚಾರಣೆ ಮುಗಿಯಿತು. ನಾನು ಅವನ ಜೊತೆ ಮುಂಬಯಿಗೆ ಹೋಗಬೇಕು. ಹೋಗದಿದ್ದರೆ ಮಗಳನ್ನು ಆ ಸಂಜೆಯೇ ಅವನ ತಾಯಿಗೆ ಒಪ್ಪಿಸಬೇಕು.

ಸ್ಕೂಟರಿನ ಸದ್ದು ಕೇಳಿದ್ದು ಆಗ. ಯಾರು ಸುದ್ದಿ ಮುಟ್ಟಿಸಿದರೋ ಗೊತ್ತಿಲ್ಲ. ಟೀಚರು ಶಾಲೆಯ ಮೈದಾನದಿಂದ ಹಾಗೇ ಬಂದಿದ್ದರು. ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ವಿಸಿಲ್. ಚಪ್ಪಲಿ ಹೊರಗೆ ಬಿಟ್ಟು, ಮುಚ್ಚಿದ ಗರ್ಭಗುಡಿಗೆ ಕೈಮುಗಿದು, ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು.

"ಅವ ಪ್ರಮಾಣ ಮಾಡ್ದ. ಇವ್ಳಿಗ್ ಎಂತಕ್ ತೀರ್ಥ ಹಾಕ್ಲಿಲ್ಲೆ?"

ಮೊಕ್ತೇಸರರು ನಕ್ಕರು. "ಹೆಂಗ್ಸ್ರ್ ಪ್ರಮಾಣ ಮಾಡು ಕ್ರಮ ಇಲ್ಲೆ ಟೀಚರೇ. ಶುದ್ಧದ ವಿಷಯ."

"ಹಾಂಗಾರೆ ಇವ್ಳ್ ಹೇಳದ್ ಸುಳ್ಳಂತ ಹ್ಯಾಂಗ್ ಗೊತ್ತಾಯ್ತ್?"

"ಪ್ರಮಾಣ ಇಲ್ದಿದ್ ಮಾತಿಗ್ ಬೆಲೆ ಎಂತ?"

"ಪ್ರಮಾಣ ಮಾಡುಕ್ ನೀವೇ ಬಿಡುದಿಲ್ಲೆ. ಮಾಡ್ಲಿಲ್ಲೆ ಅಂತ ಮಾತಿಗ್ ಬೆಲೆ ಇಲ್ಲೆ. ಅಲ್ದಾ?"

ನಿದ್ದೆಯಲ್ಲಿದ್ದವರು ಅದೇ ಹೊತ್ತಿಗೆ ಎಚ್ಚರಗೊಂಡು "ಅದೇ ಸರಿ" ಎಂದರು. ಯಾರೂ ನಗಲಿಲ್ಲ. ಮೊಕ್ತೇಸರರು ಇದು ಆಟದ ಬಯಲಲ್ಲ, ದೇವರ ಸನ್ನಿಧಿ ಎಂದು ದನಿ ಏರಿಸಿದರು.

"ಆಟದ ಬಯಲಾರೆ ಇದಕ್ಕಿಂತ ಮರ್ಯಾದಿ ಇರ್ತಿತ್ತ್," ಎಂದರು ಟೀಚರು. "ಅಲ್ಲಿ ಒಂದ್ ಟೀಮಿನವ್ರೇ ರೆಫ್ರಿ ಆಪುಕ್ ನಾನ್ ಬಿಡುದಿಲ್ಲೆ." ಆಮೇಲೆ ನನ್ನ ಕಡೆ ತಿರುಗಿ, "ಮಗು ಎಲ್ಲಿತ್ತ್?" ಎಂದು ಕೇಳಿದರು.

"ಮನೆಯಲ್ಲಿ, ಅಮ್ಮನ ಹತ್ತಿರ."

"ಹೋಪ."

ಅಂಗಳ ದಾಟಿ ಸ್ಕೂಟರಿನ ಹಿಂದೆ ಕೂತೆ. ಚಾವಡಿಯವರು ಕಳಿಸಿದ ಜನ ನಮ್ಮ ಮನೆ ಮುಟ್ಟುವ ಮೊದಲೇ ಮಗಳನ್ನು ಎತ್ತಿಕೊಂಡು ಟೀಚರ ಮನೆ ಸೇರಿದ್ದೆವು. ಕುಂದಾಪುರದಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳು ವಕೀಲೆಯಾಗಿದ್ದಳು, ಮರುದಿನ ಅವಳಲ್ಲಿಗೆ ಹೋದೆವು. ಅಣ್ಣಯ್ಯ ತನ್ನ ಮನೆಗೆ ನಾನು ಬರಬಾರದೆಂದು ಹೇಳಿಕಳಿಸಿದ. ಅವನಿಗೂ ಊರಲ್ಲಿ ಬಾಳಬೇಕಲ್ಲ ಎಂದು ಅಮ್ಮ ಅತ್ತಳು. ಊರಲ್ಲಿ ಬಾಳುವುದೆಂದರೆ ಆ ಐವರ ಎದುರು ಬೆನ್ನು ಬಾಗಿಸಿಕೊಂಡಿರುವುದು ಎಂದೇ ಅವನು ತಿಳಿದಿದ್ದ. ಹಾಗೇ ಬಾಳಿದ, ಇವತ್ತಿಗೂ ಬಾಳುತ್ತಿದ್ದಾನೆ.

ಟೀಚರ ಮನೆಯಲ್ಲಿ ನಾವಿಬ್ಬರೂ ವರ್ಷಗಳ ಕಾಲ ಇದ್ದೆವು. ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೋರ್ಟು ನಿಧಾನಕ್ಕೆ ನಡೆಯಿತು. ಅಲ್ಲಿಯೂ ಕಾಯಿಸಿದರು, ಅಲ್ಲಿಯೂ ಗುಮಾಸ್ತರು ಮುಖ ಸಿಂಡರಿಸಿದರು. ಆದರೆ ಕಟಕಟೆಯಲ್ಲಿ ನಿಂತು ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಮಗಳು ನನ್ನ ಬಳಿಯೇ ಉಳಿದಳು.

ನನ್ನ ಕೇಸು ಮುಗಿದ ಮೇಲೂ ಟೀಚರು ನಿಲ್ಲಲಿಲ್ಲ. ಭಾನುವಾರ ಬಂದರೆ ನನ್ನನ್ನು ಹಿಂದೆ ಕೂರಿಸಿಕೊಂಡು ಮನೆಮನೆಗೆ ಹೊರಟರು. ಮಹಿಳಾ ಸಂಘಗಳ ವಾರದ ಸಭೆಗೆ ಹೋಗಿ ಬಾಗಿಲ ಬಳಿಯೇ ನಿಂತು ಹೇಳುತ್ತಿದ್ದ ಮಾತು ಒಂದೇ: "ಚಾವಡಿಯಿಂದ ಕರೆ ಬಂದ್ರೆ ಹೋಪುದ್ ಬ್ಯಾಡ. ನಂಗೊಂದ್ ಫೋನ್ ಮಾಡಿ. ಕೋರ್ಟಿಗ್ ನಾನ್ ಬತ್ತೆ." ಭಾಷಣ ಅವರಿಗೆ ಬರುತ್ತಿರಲಿಲ್ಲ. ಸಹನೆಯೂ ಬರುತ್ತಿರಲಿಲ್ಲ. ಹೆದರಿ ಚಾವಡಿಗೆ ಹೋಗಿ ಬಂದವಳೊಬ್ಬಳಿಗೆ ಎಲ್ಲರೆದುರು, "ಕರೆದಲ್ಲಿಗ್ ಹೋಪುಕ್ ನೀನೆಂತ ದನವಾ?" ಎಂದುಬಿಟ್ಟರು. ಅವಳು ಮತ್ತೆ ಸಂಘಕ್ಕೆ ಬರಲಿಲ್ಲ. ಹಾಗೆ ಹೇಳಬಾರದಿತ್ತು ಎಂದು ನಾನು ಹೇಳಿದಾಗ ಟೀಚರು, "ಹೌದ್, ಅದ್ ಅವ್ಳಿಗ್ ಹೇಳೂ ಮಾತಲ್ಲ," ಎಂದರು. ಕ್ಷಮೆ ಕೇಳಲು ಅವಳ ಮನೆಗೆ ಹೋದರು. ಅವಳು ಬಾಗಿಲು ತೆಗೆಯಲಿಲ್ಲ.

ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇವರಿಗೆ ಏನಾಗಿತ್ತು? ಯಾವ ಗಂಡಸು ಕೈಕೊಟ್ಟಿದ್ದ? ಊರಿನವರು ಕತೆ ಕಟ್ಟಿ ಕಟ್ಟಿ ದಣಿದರು. ಒಮ್ಮೆ ನಾನೇ ಕೇಳಿದೆ. "ಎಂತದೂ ಆಯ್ಲಿಲ್ಲೆ," ಎಂದರು. "ಎದ್ ನಿಲ್ಲುಕೆ ನಂಗೇ ಎಂತಾರು ಆಯ್ಕಾ?"

ಚಾವಡಿಯನ್ನು ನಿಲ್ಲಿಸಿ ಎಂದು ಅಧಿಕಾರಿಗಳ ಹತ್ತಿರವೂ ಅಲೆದೆವು. ಒಬ್ಬರು, ಇದು ಧಾರ್ಮಿಕ ಭಾವನೆಯ ವಿಷಯ, ಸೂಕ್ಷ್ಮ ಎಂದರು. ಹೆಂಗಸಿನ ಬೆನ್ನಿನ ಬಾಸುಂಡೆ ಅವರಿಗೆ ಸೂಕ್ಷ್ಮವಾಗಿ ಕಾಣಿಸಲಿಲ್ಲ. ಹೊರಗೆ ಬಂದು ಟೀಚರು, "ಕುರ್ಚಿಯಲ್ ಕೂತದ್ ಕುರ್ಚಿಯೇ ಮರಾಯ್ತಿ," ಎಂದು ಸ್ಕೂಟರು ಒದ್ದರು.

ಚಾವಡಿಯವರ ಸೇಡು ಅವರ ಯೋಗ್ಯತೆಯಷ್ಟೇ ಸಣ್ಣದು. ದೇವಸ್ಥಾನದಲ್ಲಿ ನಮ್ಮ ಪ್ರಸಾದ ನಿಲ್ಲಿಸಿದರು. ನಾವು ಅಂಗಳಕ್ಕೆ ಬಂದರೆ ಅರ್ಚಕರು ಒಳಗೆ ಹೋಗಬೇಕೆಂದು ಅಪ್ಪಣೆ ಮಾಡಿದರು. ಪಾಪದ ಆ ಮನುಷ್ಯ ಕುಂಕುಮದ ತಟ್ಟೆ ಹಿಡಿದುಕೊಂಡು ಓಡುವುದನ್ನು ನೋಡಿ ಟೀಚರು ಹೋಗುವುದನ್ನೇ ಬಿಟ್ಟರು. ಕೈ ಮುಗಿಯಬೇಕೆನಿಸಿದಾಗ ಕುಂಭಾಶಿಯ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಮೊಕ್ತೇಸರರು ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಟೀಚರನ್ನು ಕೆಲಸದಿಂದ ತೆಗೆಸಲು ನೋಡಿ ಆಗದಾಗ, ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಬೇಡಿ, ಊರು ಕೆಡಿಸುವ ಹೆಂಗಸು ಎಂದು ಮನೆಗಳಿಗೆ ಹೇಳಿಸಿದರು. ಒಬ್ಬೊಬ್ಬಳೇ ಬಿಟ್ಟು ಹೋಗಿ ಕಬಡ್ಡಿ ತಂಡವೇ ಇಲ್ಲದಂತಾಯಿತು. ಕೊನೆಯವಳೂ ಬಿಟ್ಟ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಟೀಚರು ಬರಿದಾದ ಅಂಕಣದ ನಡುವೆ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರು ಅಳುತ್ತಿರಲಿಲ್ಲ. "ಜಿಲ್ಲೆಗ್ ಆಡುಕ್ ಹೋಪೂ ಮಕ್ಳ್ ಇವು," ಎಂದರು. ಅದನ್ನೇ ಮತ್ತೊಮ್ಮೆ ಹೇಳಿದರು. ಅವರು ಸೋತಂತೆ ಕಂಡದ್ದು ಅದೊಂದೇ ಸಲ.

ಇದಾಗಿ ಸ್ವಲ್ಪ ಕಾಲದ ಮೇಲೆ ಯಾರದೋ ಕೇಸಿಗೆಂದು ಕುಂದಾಪುರದ ಕೋರ್ಟಿಗೆ ಹೋಗಿದ್ದೆವು. ವರಾಂಡದ ಬೆಂಚಿನ ತುದಿಯಲ್ಲಿ ಮೊಕ್ತೇಸರರು ಕೂತಿದ್ದರು. ಪಕ್ಕದಲ್ಲಿ ಅವರ ಮಗಳು, ಮದುವೆಯಾಗಿ ಬ್ರಹ್ಮಾವರದ ಕಡೆಗೆ ಹೋದವಳು, ಕೈಗೆ ಪ್ಲಾಸ್ಟರ್. ಅಳಿಯನ ಕೈಗುಣ ನೋಡಿದ ಕೂಡಲೇ ತಿಳಿಯಿತು. ಎದುರಿಗೆ ಕಪ್ಪು ಕೋಟಿನ ವಕೀಲರು. ದೇವರ ಮಾತು ಆಡುವವರು ಮಗಳ ಸಲುವಾಗಿ ಮನುಷ್ಯರ ಕೋರ್ಟಿಗೇ ಬಂದಿದ್ದರು. ತಮ್ಮ ಚಾವಡಿ ಎಷ್ಟು ಬೆಲೆಯದೆಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ಟೀಚರು ಅವರ ಎದುರಿಗೆ ಹೋಗಿ ನಿಂತರು. "ಚಾವಡಿ ಇದ್ದೂ ಇಲ್ಲಿಗ್ ಬಂದದ್ದ್ ಎಂತಕೆ?"

"ಅದ್ ಬೇರೆ, ಇದ್ ಬೇರೆ," ಎಂದರು ಅವರು, ನೆಲ ನೋಡುತ್ತಾ.

"ಎಂತ ಬೇರೆ?"

ಟೀಚರು ಅವರನ್ನು ಅಲ್ಲಿಗೇ ಬಿಟ್ಟು ಹುಡುಗಿಯ ಪಕ್ಕ ಕೂತರು. ಅವಳೂ ಅವರ ಶಿಷ್ಯೆಯೇ. "ಊಟ ಆಯ್ತಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದಳು. ಕ್ಯಾಂಟೀನಿನಿಂದ ಬನ್ಸ್ ತರಿಸಿ, ಒಂದೇ ಕೈಯಲ್ಲಿ ತಿನ್ನಲು ಆಗುವಂತೆ ಮುರಿದು ಕೊಟ್ಟರು. ಒಳಗೆ ಹೋದಾಗ ಜಡ್ಜರ ಮುಖ ನೋಡಿ ನಿಧಾನ ಮಾತಾಡು, ಹೆದರಬೇಡ ಎಂದರು. ಅವಳ ಅಪ್ಪ ಅಷ್ಟು ಹೊತ್ತೂ ವರಾಂಡದ ಕಂಬ ನೋಡುತ್ತಿದ್ದರು.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನನ್ನ ಕೈ ಮೊಬೈಲಿಗೆ ಹೋಗಿತ್ತು. ಊರಿಗೆಲ್ಲ ಇದನ್ನು ಹೇಳಿದರೆ ಚಾವಡಿ ಅವತ್ತೇ ಮುಚ್ಚುತ್ತಿತ್ತು. ಟೀಚರು ತಡೆದರು.

"ಅವ್ರಿಗೆ ಇದೇ ಆಯ್ಕ್ ಟೀಚರೇ," ಎಂದೆ.

"ಅವ್ರಿಗ್ ಆಯ್ಕ್, ಹೌದ್. ಆದ್ರೆ ಊರ್ ಬಾಯಿಗ್ ಬೀಳುದ್ ಆ ಹೆಣ್ಣ್. ಅವ್ಳ್ ಮುರಿದ್ ಕೈ ತೋರ್ಸಿ ನಾವ್ ಗೆಲ್ಲುದ್ ಬ್ಯಾಡ."

ಅದರಿಂದ ಚಾವಡಿ ಇನ್ನೂ ಕೆಲವು ವರ್ಷ ಬದುಕಿತು. ನನಗೆ ಆಗ ಸಿಟ್ಟು ಬಂದಿತ್ತು. ಆದರೆ ಕರೆ ಬಂದ ಹೆಂಗಸರು ಒಬ್ಬೊಬ್ಬರಾಗಿ ಹೋಗುವುದನ್ನು ಬಿಟ್ಟರು. ಗೇಣಿ ಒಕ್ಕಲಿನ ಮನೆಯ ಸೊಸೆ ಹೋಗಲಿಲ್ಲ. ಮೀನು ವ್ಯಾಪಾರದವರ ಮಗಳು ಹೋಗಲಿಲ್ಲ. ಬೈಂದೂರಿಗೆ ಮದುವೆಯಾದವಳೊಬ್ಬಳು ಕರೆ ತಂದವನಿಗೆ ಕಾಫಿ ಕೊಟ್ಟು ವಾಪಸು ಕಳಿಸಿದಳಂತೆ. ಮಹಾಪೂಜೆ ಮುಗಿದ ಮೇಲೆ ಐವರೂ ಫ್ಯಾನಿನ ಕೆಳಗೆ ಕೂತಿರುತ್ತಿದ್ದರು, ಅಂಗಳ ಖಾಲಿ ಇರುತ್ತಿತ್ತು. ಕೊನೆಗೆ "ಭಕ್ತರ ಸಮಾಲೋಚನಾ ಸಭೆ" ಎಂದು ಹೊಸ ಬೋರ್ಡು ಹಾಕಿಸಿದರು. ಹೆಸರು ಬದಲಾದದ್ದಕ್ಕೆ ಸನ್ಮಾನವನ್ನೂ ಮಾಡಿಕೊಂಡರು, ಒಬ್ಬರಿಗೊಬ್ಬರು ಶಾಲು ಹೊದೆಸಿ.

ಟೀಚರು ನಿವೃತ್ತರಾಗಿ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಸಂಘದ ಸಭೆಗೆಂದು ಹೊರಟವರು ಅಂಗಳದಲ್ಲಿ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ದಾರಿಯುದ್ದಕ್ಕೂ ಅವರ ತಲೆ ನನ್ನ ಮಗಳ ತೊಡೆಯ ಮೇಲಿತ್ತು.

ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಮೈಕು ಹಿಡಿದವರು ಮೊಕ್ತೇಸರರೇ. ಟೀಚರು ನಮ್ಮ ದೇವಸ್ಥಾನದ ಪರಮ ಭಕ್ತೆ, ಊರಿಗೆಲ್ಲ ಬೇಕಾದವರು, ಸಂಸ್ಥೆಗೂ ಸನ್ನಿಧಿಗೂ ಸೇತುವೆಯಂತಿದ್ದವರು ಎಂದರು. ಕಣ್ಣು ಸಹ ಒರೆಸಿಕೊಂಡರು. ಬದುಕಿದ್ದಾಗ ಹೊರಗಿಟ್ಟವರು ಸತ್ತ ಮೇಲೆ ಒಳಗೆ ಕರೆದುಕೊಳ್ಳುತ್ತಿದ್ದರು, ಅವರಿನ್ನು ಎದ್ದು ಉತ್ತರ ಕೊಡಲಾರರು ಎಂಬ ಧೈರ್ಯದಲ್ಲಿ.

ನಾನು ಎದ್ದು ನಿಂತೆ. "ಸುಳ್ಳ್ ಹೇಳ್ಬೇಡಿ," ಎಂದೆ. "ಅವ್ರಿಗ್ ಕುಂಕುಮ ಕೊಡುಕ್ ಬಿಡದವ್ರ್ ನೀವ್. ಮಕ್ಳನ್ ಆಟಕ್ಕೆ ಕಳ್ಸ್‌ಬ್ಯಾಡಿ ಅಂತ ಮನಿಮನಿಗ್ ಹೇಳ್ಸದವ್ರ್ ನೀವ್. ಸತ್ ಮೇಲಾರೂ ಅವ್ರನ್ನ ಬಿಡಿ." ಇನ್ನೂ ಹೇಳಿದೆ. ಅವರ ಮಗಳ ವಿಷಯ ಒಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಯಾರೂ ತಡೆಯಲಿಲ್ಲ. ಹೆಂಗಸರ ಕಡೆಯ ಕುರ್ಚಿಗಳಲ್ಲಿ ಯಾರೂ ಸೆರಗು ಬಾಯಿಗೆ ಇಟ್ಟುಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ದೇವಸ್ಥಾನದ ಆಳು ನಮ್ಮ ಬಾಗಿಲಿಗೆ ಬಂದ. ಸಭೆಯಲ್ಲಿ ಆಡಿದ ಮಾತಿಗೆ ಸಮಜಾಯಿಷಿ ಕೊಡಲು ಭಾನುವಾರ ಮಹಾಪೂಜೆಯ ನಂತರ ಚಾವಡಿಗೆ ಬರಬೇಕಂತೆ.

"ಬತ್ತಿಲ್ಲೆ," ಎಂದೆ.

ಅವನು ಇನ್ನೂ ಏನೋ ಮಾತಿಗೆ ಕಾದು ನಿಂತ. ಅವನು ಹೋದ ಮೇಲೆ ಒಳಗೆ ಬಂದು, ಉಕ್ಕುತ್ತಿದ್ದ ಸಾರನ್ನು ಒಲೆಯಿಂದ ಇಳಿಸಿದೆ. ಆ ಒಂದು ಮಾತು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಕಲಿಸುವಷ್ಟು ಕಾಲವೂ ಟೀಚರು ತಮ್ಮ ಮನೆಯಲ್ಲೇ ನನ್ನನ್ನು ಇಟ್ಟುಕೊಂಡಿದ್ದರು.