ಕೋಳಿ ಕದ್ದವರು ಯಾರು, ಗುಂಡು ಬಿದ್ದದ್ದು ಯಾರಿಗೆ

ನಾನು ಚಿಕ್ಕವಳಿದ್ದಾಗ, ಇನ್ನೂ ಜಡೆ ಹಾಕಿಸಿಕೊಳ್ಳಲು ಅಕ್ಕನ ಮುಂದೆ ಕೂರುತ್ತಿದ್ದ ವಯಸ್ಸಿನಲ್ಲಿ, ಒಂದು ದಿನ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ ಮಕ್ಕಳೇ. ಅದನ್ನೇ ಹೇಳುತ್ತೇನೆ, ಕೇಳಿ.

ನಮ್ಮೂರು ಅಜ್ಜಂಪುರಕ್ಕೂ ಶಿವನಿ ಎಂಬ ಊರಿಗೂ ನಡುವೆ ಇತ್ತು. ಊರಿನ ಕೊನೆಯ ಮನೆ ನಮ್ಮದು. ಹಿತ್ತಲು ದಾಟಿದರೆ ಕಾವಲು, ಅಂದರೆ ದನ ಮೇಯಲೆಂದೇ ಬಿಟ್ಟ ಹುಲ್ಲುಗಾವಲು. ಅಪ್ಪ ಊರಿನ ದನಗಳನ್ನೆಲ್ಲ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದ. ಅಕ್ಕನೂ ನಾನೂ ಬುತ್ತಿ ಹೊತ್ತು ಹಿಂದೆಯೇ ಹೋಗುತ್ತಿದ್ದೆವು. ಶಿವರಾತ್ರಿ ಕಳೆದರೆ ಹುಲ್ಲು ಒಣಗಿ ಬೆಳ್ಳಗಾಗುತ್ತಿತ್ತು. ಗಾಳಿ ಬೀಸಿದರೆ ಅಕ್ಕಿ ಕೇರಿದಂಥ ಸದ್ದು. ನಡೆದರೆ ಲಂಗದ ತುಂಬ ಹುಲ್ಲಿನ ಮುಳ್ಳು.

ಊರಿನವರಿಗೆ ಕೊಕ್ಕು ಬಾಗಿದ್ದೆಲ್ಲ ಹದ್ದೇ. ಅಕ್ಕನಿಗೆ ಹಾಗಲ್ಲ. ಮನೆಗಳ ಮೇಲೆ ಸುತ್ತು ಹಾಕುವ ಕಂದು ಹದ್ದಿನ ಬಾಲ ಮೀನಿನ ಬಾಲದಂತೆ ಸೀಳಿರುತ್ತದೆ, ಕೋಳಿಮರಿಗೆ ಎರಗುವುದು ಅದು ಎಂದು ತೋರಿಸಿದ್ದಳು. ಕಾವಲಿನ ಮೇಲೆ ಹಾರುವ ದೊಡ್ಡ ಹಕ್ಕಿಯೇ ಬೇರೆ. ಅದರ ಹೊಟ್ಟೆ ಒಗೆದ ಪಂಚೆಯಂತೆ ಬಿಳುಪು, ಕತ್ತಿನ ಹತ್ತಿರ ಕಂದು. ಬಾಲದಲ್ಲಿ ಮೂರು ನಾಲ್ಕು ಕಪ್ಪು ಪಟ್ಟಿ. ಗೂಬೆಯಂಥ ದುಂಡು ತಲೆ, ಹಳದಿ ಕಣ್ಣು. ಗಾಳಿಗೆ ಮುಖ ಕೊಟ್ಟು, ಕಾಲು ಇಳಿಬಿಟ್ಟುಕೊಂಡು, ಆಕಾಶದಲ್ಲಿ ಒಂದೇ ಕಡೆ ನಿಂತುಬಿಡುತ್ತಿತ್ತು. ನಿಂತು ಹುಲ್ಲನ್ನು ನೋಡುತ್ತಿತ್ತು. ಅದಕ್ಕೆ ಬೇಕಾದದ್ದು ಕೋಳಿಯಲ್ಲ, ಹಾವು. ಅಕ್ಕ ಅದನ್ನು ಹಾವುಗಿಡುಗ ಎನ್ನುತ್ತಿದ್ದಳು.

ಒಂಟಿ ಜಾಲಿಮರದ ನೆತ್ತಿಯ ಮೇಲೆ ಜೋಡಿಯೊಂದು ಗೂಡು ಕಟ್ಟಿತ್ತು. ಒಳಗೆ ಒಂದೇ ಒಂದು ಮರಿ, ಹತ್ತಿಯ ಉಂಡೆಯಂತೆ. ನಾವು ದೂರದ ದಿಬ್ಬದಲ್ಲಿ ಬೋರಲು ಮಲಗಿ ನೋಡುತ್ತಿದ್ದೆವು. ದೊಡ್ಡ ಹಕ್ಕಿ ಹಾವನ್ನು ನುಂಗಿಕೊಂಡೇ ಬರುತ್ತಿತ್ತು. ಬಾಲದ ತುದಿ ಮಾತ್ರ ಕೊಕ್ಕಿನಂಚಿನಲ್ಲಿ ಇಣುಕುತ್ತಿತ್ತು. ಮರಿ ಆ ತುದಿಯನ್ನು ಕಚ್ಚಿ, ಬಾವಿಯಿಂದ ಹಗ್ಗ ಸೇದುವ ಹಾಗೆ ಎಳೆದೆಳೆದು ತೆಗೆಯುತ್ತಿತ್ತು. ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಊರಿನಲ್ಲಿ ಬಂದೂಕು ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ. ನೆಂಟರಲ್ಲದಿದ್ದರೂ ಊರಿನ ಮಕ್ಕಳೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಅಪ್ಪ ಕಾಯುತ್ತಿದ್ದ ದನಗಳಲ್ಲಿ ಅರ್ಧ ಅವರವೇ. ಆ ವರ್ಷ ಅವರ ಮನೆಯ ಕೋಳಿಗಳು ಒಂದೊಂದಾಗಿ ಕಾಣೆಯಾದವು. ಅವರು ಜಾಲಿಮರದ ಕಡೆ ಕೈ ತೋರಿಸಿ, "ಅಗೋ ಕಳ್ಳ" ಅಂದುಬಿಟ್ಟರು.

ಮಾರನೆಯ ಬೆಳಿಗ್ಗೆಯೇ ಅಕ್ಕ ಅವರ ಜಗಲಿಗೆ ಹೋದಳು. ನಾನು ಅವಳ ಲಂಗ ಹಿಡಿದು ಹಿಂದೆ ನಿಂತೆ.

"ದೊಡ್ಡಪ್ಪ, ಅದು ಕೋಳಿ ಮುಟ್ಟಲ್ಲ, ಹಾವು ತಿಂತದೆ. ಮರದ ಕೆಳ್ಗೆ ಒಂದು ಪುಕ್ಕನೂ ಇಲ್ಲ. ಒಂದ್ಸಲ ಬಂದು ನೋಡಿ."

"ಹೋಗಮ್ಮಿ, ಪಾತ್ರೆ ಬೆಳಗೋಗು. ಹದ್ದು ಯಾವ್ದು ಅಂತ ನಂಗೆ ಹೇಳ್ಕೊಡಕ್ಕೆ ಬಂದ್ಬಿಟ್ಳು!"

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಗುಂಡಿನ ಸದ್ದು ಕೇಳಿತು. ದನಗಳು ಬೆದರಿ ಚೆಲ್ಲಾಪಿಲ್ಲಿಯಾದವು. ನಾವು ಓಡಿದೆವು. ಜಾಲಿಮರದಿಂದ ಹತ್ತು ಮಾರು ಆಚೆ ಹುಲ್ಲಿನಲ್ಲಿ ಹಕ್ಕಿ ಬಿದ್ದಿತ್ತು. ಮೈ ಇನ್ನೂ ಬೆಚ್ಚಗಿತ್ತು. ಹಳದಿ ಕಣ್ಣು ತೆರೆದೇ ಇತ್ತು. ಸುತ್ತ ಮದ್ದಿನ ವಾಸನೆ. ಹೊಡೆದವರು ಆಗಲೇ ಊರಿನ ಕಡೆ ತಿರುಗಿದ್ದರು. ನಾನು ಅತ್ತೆ. ಅಕ್ಕ ಅಳಲಿಲ್ಲ. "ಆ ಕಡೆ ರೆಕ್ಕೆ ಹಿಡ್ಕೊಳೇ" ಅಂದಳು, ಅಷ್ಟೇ.

ಇಬ್ಬರೂ ಅದನ್ನು ಅರಳಿಕಟ್ಟೆಗೆ ಹೊತ್ತು ತಂದೆವು. ದೊಡ್ಡಪ್ಪ ಅಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಜನ ಸೇರಿದರು, ಅಪ್ಪನೂ ಓಡಿ ಬಂದ. ಅಕ್ಕ ಹಕ್ಕಿಯ ಬಾಲ ಬಿಡಿಸಿ ತೋರಿಸಿದಳು. "ನೋಡಿ, ಸೀಳಿಲ್ಲ." ಪುಕ್ಕವಿಲ್ಲದ, ಹುರುಪೆ ಹುರುಪೆಯಾದ ಕಾಲು ತೋರಿಸಿದಳು. "ಹಾವು ಸುತ್ಕೊಂಡ್ರೂ ಹಲ್ಲು ನಾಟ್ದೆ ಇರ್ಲಿ ಅಂತ ಹಿಂಗೈತೆ." ಆಮೇಲೆ ಕೊಕ್ಕು ಬಿಡಿಸಿ, ಅಂಚಿನಲ್ಲಿದ್ದ ಉಗುರಿನಷ್ಟು ತುದಿ ಹಿಡಿದು ಎಳೆದಳು. ಹಾವು ಬಂತು. ಎಳೆದಷ್ಟೂ ಬಂತು. ಕೊನೆಗೆ ಅಕ್ಕನ ಎತ್ತರದ ಕೇರೆಹಾವು ಕಟ್ಟೆಯ ಮೇಲೆ ಬಿತ್ತು.

ಈಗಲಾದರೂ ತಪ್ಪಾಯಿತು ಅನ್ನುತ್ತಾರೆ ಎಂದುಕೊಂಡೆ. ದೊಡ್ಡಪ್ಪ ಎಲೆ ಉಗಿದು, "ಹಾವೂ ತಿಂತದೆ, ಕೋಳೀನೂ ತಿಂತದೆ. ಇನ್ನೊಂದೈತಲ್ಲ, ನಾಳೆ ನೋಡ್ಕೊತೀನಿ" ಅಂದರು. ಕೆಲವರು ನಕ್ಕರು.

ಆಗ ಅಪ್ಪ ಮಾತಾಡಿದ. ಅವರೆದುರು ಹೆಗಲ ಟವಲು ತೆಗೆಯದೆ ನಿಲ್ಲದ ಅಪ್ಪ ಆವತ್ತು ಟವಲು ತೆಗೆಯಲಿಲ್ಲ. "ಅಣ್ಣಾ, ಅದ್ರ ಮೇಲೆ ಬಂದೂಕು ಎತ್ತುದ್ರೆ ನಾಳೆಯಿಂದ ನಿಮ್ ದನ ನೀವೇ ಕಾಯ್ಕೊಳಿ. ಹಸಿದ್ರೂ ಸೈ, ನಾನ್ ಬರಕ್ಕಿಲ್ಲ."

ಬಂದೂಕು ಮತ್ತೆ ಹೊರಗೆ ಬರಲಿಲ್ಲ. ಅಪ್ಪ ದಿನವೂ ದನಗಳನ್ನು ಆ ಮರ ಕಾಣುವ ಕಡೆಗೇ ಬಿಟ್ಟ. ಉಳಿದ ಹಕ್ಕಿಯೊಂದೇ ಹಾವು ತಂದು ತಂದು ಮರಿ ಸಾಕಿತು. ಮುಂಗಾರಿಗೆ ಮೊದಲೇ ಮರಿ ಹಾರಿತು. ಕೋಳಿಗಳು ಮಾತ್ರ ಕಾಣೆಯಾಗುತ್ತಲೇ ಇದ್ದವು. ದೊಡ್ಡಪ್ಪನ ಹುಲ್ಲಿನ ಬಣವೆ ಕರಗಿದಾಗ ಅದರ ಬುಡದಲ್ಲಿ ಮುಂಗುಸಿಯ ಬಿಲ ಸಿಕ್ಕಿತು, ಬಿಲದ ಬಾಯಲ್ಲಿ ರಾಶಿ ಪುಕ್ಕ. ಆಗಲೂ ಅವರು ಅಕ್ಕನನ್ನು ಕರೆದು ಒಂದು ಮಾತು ಹೇಳಲಿಲ್ಲ. ನನ್ನ ಸಿಟ್ಟು ಇದಕ್ಕೇ. ತಿಳಿಯದೆ ಹೊಡೆದದ್ದಕ್ಕಲ್ಲ, ತಿಳಿದವಳು ಕರೆದರೂ ಬಂದು ನೋಡದೇ ಹೋದದ್ದಕ್ಕೆ.

ನಮಗೆ ಒಂದು ಹಕ್ಕಿಯ ಗುರುತು ಹಿಡಿಯಲು ಒಂದು ಬೇಸಿಗೆ ಬೇಕಾಯಿತು. ನಿಮಗೆ ಕ್ಷಣ ಸಾಕು. ಮೊಬೈಲಿನಲ್ಲಿ ಫೋಟೊ ಹಿಡಿದರೆ ಹೆಸರು ಬಂದುಬಿಡುತ್ತದೆ. ನಿಮ್ಮ ಕಾಲದಲ್ಲಿ ಹಕ್ಕಿ ಹೊಡೆದರೆ ಜೈಲು, ಸಂತೋಷ. ಆದರೆ ಕಾವಲನ್ನೇ ಬಂಜರು ಅನ್ನುತ್ತಾರೆ. ಉತ್ತು ಬಿಡುತ್ತಾರೆ, ಗುಂಡಿ ತೋಡಿ ನೀಲಗಿರಿ ನೆಡುತ್ತಾರೆ. ಬಂದೂಕಿಗಿಂತ ಇದೇನು ಕಡಿಮೆ?

ಹೋದ ತಿಂಗಳು ನಾವು ಬೀರೂರಿನಿಂದ ರೈಲಿನಲ್ಲಿ ಬರುವಾಗ, ಎದುರು ಕೂತವರೊಬ್ಬರು ಕಿಟಕಿಯಾಚೆಯ ಕಾವಲು ನೋಡಿ, "ಏನೂ ಇಲ್ಲದ ಜಾಗ, ಸುಮ್ನೆ ಬಿಟ್ಟವ್ರೆ" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಚಿಕ್ಕ ಮೊಮ್ಮಗಳು ಎದ್ದು ನಿಂತಳು.

"ಇಳಿದು ನೋಡಿದ್ದೀರಾ ಅಂಕಲ್?"

ಅವರು ಪೇಪರು ಬಿಡಿಸಿ ಮುಖಕ್ಕೆ ಹಿಡಿದರು. ಅವಳು ಮಾತ್ರ ಕೂರಲಿಲ್ಲ.