ಅತ್ತಿಗೆಯ ಶನಿವಾರದ ಮೇಜು

ನಮ್ಮ ಅತ್ತಿಗೆ ಸೊಸೆಯಾಗಿ ಮನೆಗೆ ಕಾಲಿಟ್ಟ ವಾರದಲ್ಲೇ ವೈಫೈ ಪೆಟ್ಟಿಗೆಯ ಜಾಗ ಬದಲಾಯಿಸಿದರು. ಅಲ್ಲಿಯವರೆಗೆ ಅದು ಟಿವಿಯ ಹಿಂದೆ ನೆಲದ ಮೇಲೆ, ಮೀನಿನ ತೊಟ್ಟಿಗೆ ಒತ್ತಿಕೊಂಡು ಕೂತಿತ್ತು. ಮಿಣಮಿಣ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅಮ್ಮ ಅದರ ಮೇಲೆ ಕಸೂತಿಯ ಬಟ್ಟೆ ಬೇರೆ ಹೊದಿಸಿದ್ದಳು.

"ಅತ್ತೆ, ಅದಕ್ಕೂ ಗಾಳಿ ಬೇಕು. ನೀರಿನ ತೊಟ್ಟಿ, ದೊಡ್ಡ ಕನ್ನಡಿ, ಕಬ್ಬಿಣದ ಬೀರು ಇವೆಲ್ಲ ಪಕ್ಕದಲ್ಲಿದ್ದರೆ ಅದಕ್ಕೆ ಆಗಿಬರಲ್ಲ," ಎಂದು ಅತ್ತಿಗೆ ಪೆಟ್ಟಿಗೆಯನ್ನು ಎತ್ತಿ ನಡುಮನೆಯ ಎತ್ತರದ ಕಪಾಟಿನ ಮೇಲೆ ಇಟ್ಟರು. ಅಲ್ಲಿದ್ದದ್ದು ಅಪ್ಪ ಅಮ್ಮನ ಮದುವೆಯ ಫೋಟೋ. ಅದು ಕೆಳಗಿಳಿದು ಮೀನುಗಳ ಪಕ್ಕಕ್ಕೆ ಬಂತು. ಅಮ್ಮ ಕೆಲವು ದಿನ ಸೊಸೆಗೆ ಹೇಳಬೇಕಾದದ್ದನ್ನೆಲ್ಲ ನನ್ನ ಮುಖಾಂತರವೇ ಹೇಳಿದಳು. ಆಮೇಲೊಂದು ದಿನ ಚಿಕ್ಕಮ್ಮನ ವಿಡಿಯೋ ಕರೆ ಅಡುಗೆಮನೆಯಲ್ಲೂ ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಬಂತು. ಮಾರನೆಯ ಬೆಳಗ್ಗೆ ಧೂಳು ಒರೆಸುವಾಗ ಅಮ್ಮ ಆ ಪೆಟ್ಟಿಗೆಯನ್ನೂ ಒರೆಸಿದಳು. ಅದನ್ನೇ ನಾವು ರಾಜಿ ಎಂದುಕೊಂಡೆವು.

ಅತ್ತಿಗೆ ಆಗ ಒಂದು ಇಂಟರ್ನೆಟ್ ಕಂಪನಿಯ ಸಹಾಯವಾಣಿಯಲ್ಲಿದ್ದರು. ತಲೆಗೆ ಹೆಡ್‌ಫೋನ್, ಎದುರಿಗೆ ಪರದೆ, ಪರದೆಯ ಮೇಲೆ ಏನು ಹೇಳಬೇಕೆಂಬುದೆಲ್ಲ ಸಾಲುಸಾಲಾಗಿ. ಮೊದಲು ಕ್ಷಮೆ ಕೇಳಬೇಕು, ಆಮೇಲೆ ಆಫ್ ಮಾಡಿ ಆನ್ ಮಾಡಿ ಎನ್ನಬೇಕು, ಕೊನೆಗೆ ನಿಮಗೆ ತೃಪ್ತಿಯಾಯಿತೇ ಎಂದು ಕೇಳಿ ಕರೆ ಮುಗಿಸಬೇಕು. ಆಫ್ ಮಾಡಿ ಆನ್ ಮಾಡುವುದರ ಬಗ್ಗೆ ಅತ್ತಿಗೆಗೆ ಗೌರವವಿತ್ತು. ಅರ್ಧ ಕಾಯಿಲೆ ಅದರಲ್ಲೇ ವಾಸಿ ಎನ್ನುತ್ತಿದ್ದರು. ಆದರೆ ಉಳಿದರ್ಧಕ್ಕೆ ಪರದೆಯಲ್ಲಿ ಔಷಧಿಯೇ ಇರಲಿಲ್ಲ. ಹಾಗಾಗಿ ಅವರು ಓದುವುದು ಬಿಟ್ಟು ಕೇಳತೊಡಗಿದರು. ಪೆಟ್ಟಿಗೆ ಎಲ್ಲಿದೆ, ಪಕ್ಕದಲ್ಲಿ ಏನಿದೆ, ಗೋಡೆಯ ಆಚೆ ಏನಿದೆ.

ಒಬ್ಬರ ಮನೆಯಲ್ಲಿ ದಿನಾ ಊಟದ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಡುತ್ತಿತ್ತು. ಆ ಮನುಷ್ಯ ಕಂಪನಿಯವರು ಬೇಕಂತಲೇ ಮಾಡುತ್ತಿದ್ದಾರೆಂದು ಕೂಗಾಡುತ್ತಿದ್ದರು. ಅತ್ತಿಗೆ ಅವರಿಗೆ ಅಡುಗೆಮನೆಯ ಕತೆಯನ್ನೆಲ್ಲ ಕೇಳಿದರು. ಗೋಡೆಯ ಆಚೆ ಮೈಕ್ರೋವೇವ್ ಒಲೆ, ಈಚೆ ವೈಫೈ ಪೆಟ್ಟಿಗೆ. ಊಟ ಬಿಸಿಯಾಗುವಾಗೆಲ್ಲ ನೆಟ್ ತಣ್ಣಗಾಗುತ್ತಿತ್ತು. ಪೆಟ್ಟಿಗೆಯನ್ನು ಕೋಣೆಯ ಇನ್ನೊಂದು ಮೂಲೆಗೆ ಸರಿಸಿದ ಮೇಲೆ ಆತ ಮತ್ತೆ ಕರೆ ಮಾಡಿದ್ದು ಬರೀ ಧನ್ಯವಾದ ಹೇಳುವುದಕ್ಕೆ. ಆ ಕರೆಯೂ ಉದ್ದವೇ ಆಯಿತು.

ಮೇಲ್ವಿಚಾರಕ ವಯಸ್ಸಿನಲ್ಲಿ ಅತ್ತಿಗೆಗಿಂತ ಚಿಕ್ಕವನು, ಒಳ್ಳೆಯವನು. ಅಕ್ಕಾ ಎಂದೇ ಕರೆಯುತ್ತಿದ್ದ. ಇಡೀ ಕಚೇರಿಯಲ್ಲಿ ನಿಮ್ಮ ಕರೆಗಳೇ ಉದ್ದ ಎಂದು ಅವನು ಆಗಾಗ ಬಂದು ಹೇಳುತ್ತಿದ್ದ. ನನ್ನ ಹತ್ತಿರ ಮಾತಾಡಿದವರು ಅದೇ ತೊಂದರೆಗೆ ಎರಡನೇ ಸಲ ಕರೆ ಮಾಡುವುದಿಲ್ಲ, ಅದನ್ನೂ ನೋಡಪ್ಪ ಎಂದು ಅತ್ತಿಗೆ ಹೇಳುತ್ತಿದ್ದರು. ಅದನ್ನು ತುಂಬಲು ತನ್ನ ಪರದೆಯಲ್ಲಿ ಜಾಗವೇ ಇಲ್ಲ ಎನ್ನುತ್ತಿದ್ದ ಅವನು.

ಕೊನೆಗೆ ಕಂಪನಿಯವರು ಯಂತ್ರದ ದನಿ ತಂದು ಕೂರಿಸಿದರು. ಕುರ್ಚಿಗಳು ಕಡಿಮೆಯಾದವು. ಮೊದಲು ಎದ್ದದ್ದು ಉದ್ದದ ಕರೆಯವರು. ಮೇಲ್ವಿಚಾರಕ ಅತ್ತಿಗೆಯ ಸಾಮಾನಿನ ಡಬ್ಬವನ್ನು ತಾನೇ ಹೊತ್ತು ಗೇಟಿನ ತನಕ ಬಂದ. ಅಲ್ಲಿ ನಿಂತು, ಹೇಳಲೋ ಬೇಡವೋ ಎಂದು ತಡವರಿಸಿ, ತನ್ನ ತಾಯಿಯ ಫೋನಿನಲ್ಲಿ ಜಾಗ ಇಲ್ಲ ಜಾಗ ಇಲ್ಲ ಎಂದು ಬರುತ್ತಿದೆ, ಏನು ಮಾಡಲಿ ಎಂದು ಕೇಳಿದ. ಗುಂಪುಗಳಲ್ಲಿ ಬರುವ ವಿಡಿಯೋಗಳು ತಾವಾಗಿಯೇ ಇಳಿದುಕೊಳ್ಳುವುದನ್ನು ನಿಲ್ಲಿಸು, ಹಳೆಯವನ್ನು ಅಳಿಸು, ಹೊಸ ಫೋನು ಕೊಳ್ಳಬೇಡ ಎಂದು ಅತ್ತಿಗೆ ಗೇಟಿನಲ್ಲೇ ನಿಂತು ವಿವರವಾಗಿ ಹೇಳಿ ಬಂದರು.

ಕೆಲಸ ಹೋದ ಮೇಲೆ ಅವರ ವಿದ್ಯೆಯೆಲ್ಲ ನಮ್ಮ ಮೇಲೆ ತಿರುಗಿತು. ಮನೆಯ ಪ್ರತಿ ವೈರಿಗೂ ಚೀಟಿ ಅಂಟಿತು. ಅಮ್ಮನ ಫೋನಿನ ಅಕ್ಷರಗಳು ಎಷ್ಟು ದೊಡ್ಡವಾದವೆಂದರೆ, ಅವಳಿಗೆ ಬಂದ ಸಂದೇಶವನ್ನು ಕೋಣೆಯ ಆ ಬದಿಯಿಂದ ನಾವೂ ಓದುತ್ತಿದ್ದೆವು. ಫೋಟೋಗಳು ಎರಡು ಕಡೆ ಇರಬೇಕು, ಒಂದು ಮನೆಯಿಂದ ಹೊರಗಿರಬೇಕು ಎಂಬ ಕಟ್ಟಳೆ ಬಂತು. ಅಣ್ಣ ಬಸ್ಸಿನ ಡ್ರೈವರ್. ಅವನು ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದ, ಅದೂ ಅವನ ಬಸ್ಸಿನ ನಂಬರು. ಅದು ದಿನಾ ಊರೆಲ್ಲ ಸುತ್ತಿಕೊಂಡು ಬರುವ ಗುಟ್ಟು ಎಂದು ಅತ್ತಿಗೆ ಹಣೆ ಚಚ್ಚಿಕೊಂಡರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ ಉದ್ದನೆಯದು ಮಾಡು, ನೆನಪಿರದಿದ್ದರೆ ಕಾಗದದಲ್ಲಿ ಬರೆದು ಬೀರುವಿನಲ್ಲಿಡು, ಕಳ್ಳ ಅದನ್ನು ಹುಡುಕಿಕೊಂಡು ಮನೆಗೆ ಬರುವವನಲ್ಲ, ಇದ್ದಲ್ಲಿಂದಲೇ ಕದಿಯುವವನು ಎಂದು ಬುದ್ಧಿ ಹೇಳಿದರು. ಅಣ್ಣ ನಾಲ್ಕು ಪದ ಸೇರಿಸಿದ, ಕಾಗದದಲ್ಲಿ ಬರೆದ, ಬೀರುವಿನಲ್ಲಿಟ್ಟ. ಬೀರುವಿನ ಕೀ ಕಳೆದುಕೊಂಡ.

"ಈ ವಿದ್ಯೆನ ಊರಿಗೆ ಹಂಚು," ಎಂದ ಅವನು. "ಮನೆಯವರು ಹೇಗೋ ಬದುಕಿಕೊಳ್ತೀವಿ."

ನಾನು ನಮ್ಮ ಬೀದಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದಲ್ಲಿದ್ದೆ. ಗ್ರಂಥಪಾಲಕಿಯನ್ನು ಕೇಳಿದೆ. ಪತ್ರಿಕೆ ಓದುವ ಮೂಲೆಯ ಪಕ್ಕ ಶನಿವಾರಗಳಂದು ಒಂದು ಮೇಜು, ಎರಡು ಕುರ್ಚಿ ಕೊಡಲು ಅವರು ಒಪ್ಪಿದರು. "ಫೋನು, ಕಂಪ್ಯೂಟರು, ವೈಫೈ: ಕೇಳಿ ನೋಡಿ" ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದೆವು. ಮೊದಲ ಶನಿವಾರ ಬಂದವನು ಒಬ್ಬನೇ. ಅವನಿಗೂ ಫೋನು ಚಾರ್ಜಿಗೆ ಹಾಕಲು ಜಾಗ ಬೇಕಿತ್ತು, ಅಷ್ಟೇ.

ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಹೂವಿನ ಅಂಗಡಿಯಾಕೆ ಬಂದಳು, ಕೀ ಮಾಡುವವನು ಬಂದ. ಲ್ಯಾಪ್‌ಟಾಪ್ ಹಳೆಯದಾಯಿತು, ಯಾವುದು ಕೊಳ್ಳಲಿ ಎಂದು ಕೇಳಲು ಬಂದವರ ಮುಂದೆ ಅತ್ತಿಗೆ ಮೊದಲು ಬ್ರಷ್ ಹಿಡಿದು ಗಾಳಿಕಿಂಡಿಯ ಧೂಳು ತೆಗೆಯುತ್ತಿದ್ದರು. ಡಿಸ್ಕ್ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ಓಡುತ್ತದೆ, ಹೊಸದು ಕೊಳ್ಳುವುದು ಆಮೇಲೂ ಇದ್ದೇ ಇದೆ ಎನ್ನುವುದು ಅವರ ವಾದ. ಅವರು ಹೇಳಿದ್ದೆಲ್ಲ ಸರಿ ಹೋಗುತ್ತಿತ್ತು ಎಂದೇನಲ್ಲ. ಗ್ರಂಥಾಲಯದ ನೆಟ್ ನಿಧಾನವೆಂದು ಒಂದು ಶನಿವಾರ ಯಾರನ್ನೂ ಕೇಳದೆ ಕೌಂಟರಿನ ಹಿಂದಿನ ಒಂದು ಪ್ಲಗ್ ಕಿತ್ತರು. ಪುಸ್ತಕ ಕೊಡುವ ತೆಗೆದುಕೊಳ್ಳುವ ವ್ಯವಸ್ಥೆಯೇ ಮಲಗಿಬಿಟ್ಟಿತು. ಗ್ರಂಥಪಾಲಕಿ ಮಧ್ಯಾಹ್ನವಿಡೀ ಚೀಟಿ ಬರೆದು ಪುಸ್ತಕ ಕೊಟ್ಟರು. ಅತ್ತಿಗೆ ಪಕ್ಕದಲ್ಲಿ ಕೂತು, ಮುಖ ಕೆಳಗೆ ಹಾಕಿಕೊಂಡು, ಚೀಟಿ ಹರಿದು ಹರಿದು ಕೊಟ್ಟರು. ಅಂದಿನಿಂದ ಅವರ ಉಪದೇಶಗಳಿಗೆ ಇನ್ನೊಂದು ಸೇರಿತು: ಏನೆಂದು ತಿಳಿಯದ ವೈರನ್ನು ಕೀಳಬೇಡಿ.

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಗ್ಗೆ ಹೊಲಿಗೆ ಟೀಚರ್ ಬಂದರು. ನಿವೃತ್ತರಾಗಿ ಒಬ್ಬರೇ ಇದ್ದವರು, ನಮ್ಮ ಬೀದಿಯ ಅರ್ಧ ಹೆಂಗಸರಿಗೆ ಸೂಜಿ ಹಿಡಿಯುವುದು ಕಲಿಸಿದವರು. ಗುಂಡಿಗೆಂದು ನಾನು ಹೊಲಿದ ಸೊಟ್ಟ ಕಾಜಗಳನ್ನು ಬಿಚ್ಚಿಸಿ ಬಿಚ್ಚಿಸಿ ಹೊಲಿಸಿದವರೂ ಅವರೇ. ಬರುವಾಗಲೇ ಫೋನು ಕಿವಿಯಲ್ಲಿತ್ತು. ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿ ಕೂತರು. ಬ್ಯಾಂಕಿನವರು ಲೈನಿನಲ್ಲಿದ್ದಾರೆ, ಇವತ್ತೇ ಮಾಡದಿದ್ದರೆ ಖಾತೆ ಮುಚ್ಚಿಹೋಗುತ್ತದಂತೆ, ಏನೋ ಒಂದು ಆ್ಯಪ್ ಹಾಕಬೇಕಂತೆ, ನನಗೆ ಬರುತ್ತಿಲ್ಲ, ಸ್ವಲ್ಪ ಹಾಕಿಕೊಡಿ ಎಂದು ಪಿಸುಗುಟ್ಟಿದರು.

ಅತ್ತಿಗೆ ಫೋನನ್ನು ತೆಗೆದುಕೊಂಡು ಒಂದು ಕ್ಷಣ ಕೇಳಿಸಿಕೊಂಡರು. ಆ ಕಡೆಯ ದನಿ ಜೇನಿನಂತಿತ್ತು. ಆದರೆ ಆತ ಬರೆದಿಟ್ಟದ್ದನ್ನು ಓದುತ್ತಿದ್ದಾನೆಂದು ಅವರಿಗೆ ತಕ್ಷಣ ಗೊತ್ತಾಯಿತಂತೆ. ಓದುವವರು ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಳ್ಳುತ್ತಾರೆ, ಮಾತಾಡುವವರು ಎಲ್ಲೆಂದರಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಆಮೇಲೆ ನನಗೆ ಹೇಳಿದರು.

"ತಮ್ಮಾ," ಎಂದರು ಅತ್ತಿಗೆ, ಸಹಾಯವಾಣಿಯ ಹಳೆಯ ದನಿಯಲ್ಲಿ. "ಈಗ ಓದಿದ ಸಾಲನ್ನ ಇನ್ನೊಂದು ಸಲ ಓದಿ. ಕೊನೆಗೆ ಬಂದಾಗ ಅವಸರ ಮಾಡಿದಿರಿ."

ತಕ್ಷಣ ಲೈನು ಕಟ್ಟಾಯಿತು. ಸುತ್ತ ಪತ್ರಿಕೆ ಓದುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಟೀಚರ್ ನಗಲಿಲ್ಲ.

"ಅವರು ನನ್ನ ಮೊಣಕಾಲು ಹೇಗಿದೆ ಅಂತ ಕೇಳಿದ್ರು," ಎಂದರು ಟೀಚರ್. "ನಿನ್ನೆಯಿಂದ ಎಷ್ಟು ತಾಳ್ಮೆಯಿಂದ ಮಾತಾಡ್ತಿದ್ರು."

ಅವರು ಫೋನು ತೆಗೆದುಕೊಂಡು ಎದ್ದರು. ಯಾವುದಾದರೂ ನಂಬರ್ ಹೇಳಿದಿರಾ ಎಂದು ಅತ್ತಿಗೆ ಅವರ ಹಿಂದೆಯೇ ಬಾಗಿಲ ತನಕ ಹೋಗಿ ಕೇಳಿದರು. ಇಲ್ಲ ಎಂದು ತಲೆಯಾಡಿಸಿ ಟೀಚರ್ ತಿರುಗಿ ನೋಡದೆ ಹೊರಟುಹೋದರು.

ಮನೆಗೆ ನಡೆಯುವಾಗ ಅತ್ತಿಗೆ ಮಾತಾಡಲೇ ಇಲ್ಲ. ಅವರು ಸುಮ್ಮನಿರುವುದು ನಮಗೆ ಅಭ್ಯಾಸವಿರಲಿಲ್ಲ. ಜ್ವರವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಪಾತ್ರೆ ತೊಳೆಯುತ್ತ ನಿಂತಾಗ ತಾವಾಗಿಯೇ ಬಾಯಿಬಿಟ್ಟರು.

"ಜನರ ಹತ್ತಿರ ಜಾಸ್ತಿ ಹೊತ್ತು ಮಾತಾಡಿದೆ ಅಂತ ನನ್ನ ಕೆಲಸ ಹೋಯ್ತು. ಇವತ್ತು ಟೀಚರ್ ಹತ್ತಿರ ನೆಟ್ಟಗೆ ಒಂದು ಮಾತೂ ಆಡಲಿಲ್ಲ ನಾನು. ಕಳ್ಳನ ಹತ್ತಿರ ಮಾತಾಡಿ ಊರವರನ್ನ ನಗಿಸಿದೆ. ಅವರ ಮೊಣಕಾಲು ಹೇಗಿದೆ ಅಂತ ಕಳ್ಳನಾದರೂ ಕೇಳಿದ್ದ."

ಮುಂದಿನ ಶನಿವಾರ ಟೀಚರ್ ಗ್ರಂಥಾಲಯದ ಕಡೆ ಸುಳಿಯಲಿಲ್ಲ. ಮೇಜು ಮುಚ್ಚಿದ ಮೇಲೆ ಅತ್ತಿಗೆ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೊರಟರು. ಹಳೆಯ ಕಟ್ಟಡ, ಮೇಲಿನ ಮಹಡಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ಇದನ್ನು ಹೇಗೆ ಹತ್ತುತ್ತಾರೋ ಎಂದು ಅತ್ತಿಗೆ ಅರ್ಧಕ್ಕೆ ನಿಂತು ಏದುಸಿರು ಬಿಟ್ಟರು. ಟೀಚರ್ ಚಿಲಕದ ಸರಪಳಿ ತೆಗೆಯದೆ ಸಂದಿಯಲ್ಲೇ ನೋಡಿ, ಫೋನು ಸರಿಯಾಗಿದೆ, ನಿಮಗ್ಯಾಕೆ ತೊಂದರೆ ಎಂದರು.

"ಫೋನಿಗಲ್ಲ ಟೀಚರ್," ಎಂದರು ಅತ್ತಿಗೆ. "ನನಗೆ ಕಾಜ ಹೊಲಿಯೋಕೆ ಬರಲ್ಲ. ನನ್ನ ನಾದಿನಿ ನಿಮ್ಮ ಹತ್ತಿರ ಕಲಿತಳಂತೆ. ಅವಳಿಗೂ ಬರಲ್ಲ."

ಸರಪಳಿ ಸರಿಯಿತು.

ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಬಣ್ಣದ ಕ್ರಮದಲ್ಲಿ ಜೋಡಿಸಿದ ದಾರದ ಉಂಡೆಗಳು. ಫೋನು ಮಾತ್ರ ಬಟ್ಟೆಚೂರುಗಳ ಬುಟ್ಟಿಯ ತಳದಲ್ಲಿತ್ತು. ಆವತ್ತು ಆಫ್ ಮಾಡಿದ್ದನ್ನು ಟೀಚರ್ ಮತ್ತೆ ಆನ್ ಮಾಡಿರಲೇ ಇಲ್ಲ. ಅದರೊಳಗೆ ಇನ್ನೂ ಆ ಮನುಷ್ಯ ಕಾದು ಕೂತಿದ್ದಾನೆಂಬಂತೆ ಹೆದರಿದ್ದರು. ಅತ್ತಿಗೆ ಅದರ ಮಾತೇ ಎತ್ತಲಿಲ್ಲ. ನಿಜವಾಗಿಯೂ ಕೂತು ಕಾಜ ಕಲಿತರು, ಬೆರಳು ಚುಚ್ಚಿಕೊಂಡರು, ಬೈಸಿಕೊಂಡರು. ಮೊಣಕಾಲಿಗೆ ಯಾವ ಡಾಕ್ಟರು, ಮೆಟ್ಟಿಲು ದಿನಕ್ಕೆಷ್ಟು ಸಲ, ಸಾಮಾನು ಯಾರು ತಂದುಕೊಡುತ್ತಾರೆ ಎಂದೆಲ್ಲ ವಿಚಾರಿಸಿದರು. ಚಹಾ ಕುಡಿದ ಮೇಲೆ ಟೀಚರೇ ಎದ್ದು ಹೋಗಿ ಫೋನು ತಂದು ಮುಂದಿಟ್ಟರು.

ಅತ್ತಿಗೆ ಅದನ್ನು ಮುಟ್ಟಲಿಲ್ಲ. "ನೀವೇ ಒತ್ತಿ. ನಾನು ಹೊಲಿಯುವಾಗ ನೀವು ಸೂಜಿ ಕಸಿದುಕೊಂಡ್ರಾ?"

ಟೀಚರ್ ತಾವೇ ಆನ್ ಮಾಡಿದರು, ಗುರುತಿಲ್ಲದ ಆ್ಯಪ್ ಏನಾದರೂ ಕೂತಿದೆಯೇ ಎಂದು ತಾವೇ ನೋಡಿದರು, ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ತಾವೇ ಕರೆ ಮಾಡಿ ಖಾತೆ ಸುರಕ್ಷಿತವಾಗಿದೆಯೆಂದು ಕೇಳಿ ತಿಳಿದುಕೊಂಡರು. ಫೋನಿಟ್ಟು ಒಂದು ಉದ್ದ ಉಸಿರು ಬಿಟ್ಟು, ಅಷ್ಟು ಒಳ್ಳೆಯ ದನಿಯವನು ಕಳ್ಳನೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿದರು.

"ದನಿಯಿಂದ ಗೊತ್ತಾಗಲ್ಲ ಟೀಚರ್. ಅವಸರ ನೋಡಿ. ಇವತ್ತೇ, ಈಗಲೇ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಅಂದರೆ ಅದು ಬ್ಯಾಂಕಲ್ಲ. ಸುಮ್ಮನೆ ಇಟ್ಟುಬಿಡಿ. ನಿಜವಾದ ಬ್ಯಾಂಕಿಗೆ ನಮ್ಮ ಬಗ್ಗೆ ಅಷ್ಟು ಅವಸರ ಯಾವತ್ತೂ ಇರಲ್ಲ."

ಟೀಚರ್ ಮೊದಲ ಸಲ ನಕ್ಕರು. "ಅದು ಮಾತ್ರ ನಿಜ. ನನ್ನ ಹೆಸರಲ್ಲಿ ಒಂದಕ್ಷರ ತಿದ್ದೋಕೆ ಅವರಿಗೆ ವರ್ಷ ಬೇಕಾಯ್ತು."

ಕೆಲವು ವಾರಗಳ ಮೇಲೆ ಟೀಚರ್ ಕೂರಲು ತಮ್ಮದೇ ದಿಂಬು ಹಿಡಿದುಕೊಂಡು ಗ್ರಂಥಾಲಯಕ್ಕೆ ಬಂದರು. ಕೇಳಲು ಏನೂ ಇಲ್ಲ, ಸುಮ್ಮನೆ ಕೂರುತ್ತೇನೆ ಎಂದು ಅತ್ತಿಗೆಯ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡರು. ಅದೇ ದಿನ ಲಾರಿ ಓಡಿಸಿ ನಿವೃತ್ತರಾದ ಒಬ್ಬರು ಬಂದು ಮೇಜಿನ ಸುತ್ತ ಸುಳಿದಾಡಿದರು. ಎತ್ತರದ ಆಳು, ದಪ್ಪ ಮೀಸೆ. ತಮ್ಮ ಸ್ನೇಹಿತನೊಬ್ಬನಿಗೆ ಬ್ಯಾಂಕಿನಿಂದ ಅಂತ ಒಂದು ಫೋನು ಬಂದಿತ್ತು ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಮಾತಾಡಿದರು.

"ನನಗೆ ಸ್ನೇಹಿತರ ತನಕ ಹೋಗಬೇಕಿಲ್ಲ, ನನಗೇ ಬಂದಿತ್ತು. ಕೂತ್ಕೊಳ್ಳಿ, ಹೇಳ್ತೀನಿ."

ಮೊಣಕಾಲನ್ನೂ ಬಿಡದೆ ಎಲ್ಲವನ್ನೂ ಹೇಳಿದರು. ಆ ಜೇನಿನ ದನಿಯನ್ನೂ ಮಾಡಿ ತೋರಿಸಿದರು. ಮೀಸೆಯವರ ಮುಖ ಸಡಿಲವಾಯಿತು. ಸ್ನೇಹಿತನಲ್ಲ, ನನಗೇ ಎಂದು ಒಪ್ಪಿಕೊಂಡರು. ಅರ್ಧ ಗಂಟೆಯ ಹಿಂದಷ್ಟೇ ಬಂದ ಕರೆ, ಕಾರ್ಡಿನ ನಂಬರನ್ನೂ ಫೋನಿಗೆ ಬಂದ ಸಂಖ್ಯೆಯನ್ನೂ ಹೇಳಿಬಿಟ್ಟಿದ್ದರು. ಅತ್ತಿಗೆ ಆ ಮೇಜಿನಿಂದಲೇ ಅವರ ಕೈಯಲ್ಲಿ ಬ್ಯಾಂಕಿಗೆ ಕರೆ ಮಾಡಿಸಿ ಕಾರ್ಡು ತಡೆಹಿಡಿಸಿದರು, ಪೊಲೀಸರಿಗೂ ದೂರು ಕೊಡಿಸಿದರು. ಕಳ್ಳ ಇನ್ನೂ ಹಣಕ್ಕೆ ಕೈಹಾಕಿರಲಿಲ್ಲ. ಆ ದೊಡ್ಡ ಆಳು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು ಇಬ್ಬರ ಕೈಯನ್ನೂ ಕುಲುಕಿ, ಮನೆಗೆ ಹೋಗಿ ಹೆಂಡತಿಯನ್ನೂ ಕರೆತಂದರು.

ಈಗ ಶನಿವಾರಗಳಂದು ಟೀಚರ್ ಮುಂದಿನ ಸಾಲೇ ಉದ್ದ. ಅತ್ತಿಗೆಯ ಹತ್ತಿರ ಬರುವವರು ವೈರು, ಬ್ಯಾಟರಿ, ಪ್ರಿಂಟರು ಎನ್ನುತ್ತ ಬರುತ್ತಾರೆ. ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು ಇದ್ದವರು ನೇರ ಟೀಚರ್ ಕಡೆಗೆ ಹೋಗುತ್ತಾರೆ. ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ ಎಂದು ಟೀಚರ್ ಮೊದಲೇ ಹೇಳಿಬಿಡುತ್ತಾರೆ. ಜನಕ್ಕೆ ಅದೇ ಧೈರ್ಯ. ಸಂಜೆ ಹೊತ್ತು ವಿಡಿಯೋ ಕರೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಹೊಲಿಗೆ ನೋಡಿ, ಆ ಅಂಚು ಸೊಟ್ಟ, ಬಿಚ್ಚು ಎಂದು ಇದ್ದಲ್ಲಿಂದಲೇ ಗದರುವುದನ್ನೂ ಕಲಿತಿದ್ದಾರೆ.

ಇಬ್ಬರಿಗೂ ಒಮ್ಮೊಮ್ಮೆ ಜಟಾಪಟಿ ಆಗುವುದುಂಟು. ಟೀಚರ್ ಮೇಜಿಗೆ ಬಂದವರಿಗೆಲ್ಲ ಫೋನಿಗೆಂದು ದಪ್ಪ ಬಟ್ಟೆಯ ಚೀಲ ಹೊಲಿದು ಕೊಡತೊಡಗಿದರು. ಚಾರ್ಜಿಗೆ ಹಾಕಿದಾಗ ಫೋನು ಬಿಸಿಯಾಗುತ್ತದೆ, ಇಂಥ ಕಂಬಳಿ ಹೊದಿಸಬಾರದು ಎಂದು ಅತ್ತಿಗೆ ತಗಾದೆ ತೆಗೆದರು. ಒಂದು ಶನಿವಾರ ಇಬ್ಬರೂ ಮುಖ ತಿರುಗಿಸಿ ಕೂತರು. ಮರುವಾರ ಟೀಚರ್ ಚಾರ್ಜಿಗೆ ಹಾಕುವ ಮೊದಲು ಫೋನನ್ನು ಸಲೀಸಾಗಿ ಹೊರಕ್ಕೆ ಎಳೆಯಲು ಒಂದು ಪಟ್ಟಿ ಇಟ್ಟು, ಹಿಂಬದಿಗೆ ಜಾಲರಿಯ ಬಟ್ಟೆ ಕೂರಿಸಿ, ಹೊಸ ನಮೂನೆ ಹೊಲಿದು ತಂದರು. ಮೊದಲನೆಯದನ್ನು ಅತ್ತಿಗೆಗೇ ಕೊಟ್ಟರು. ಹೂವಿನ ಚಿತ್ತಾರದ ನೇರಳೆ ಬಟ್ಟೆ, ಅದಕ್ಕೆ ಕಿತ್ತಳೆ ಬಣ್ಣದ ಅಂಚು. ಅತ್ತಿಗೆ ಎಲ್ಲಿಗೆ ಹೋದರೂ ಅದರಲ್ಲೇ ಫೋನು ಇಟ್ಟುಕೊಂಡು ಹೋಗುತ್ತಾರೆ. ಆ ಬಣ್ಣದ ಬಗ್ಗೆ ಅವರಿಗೊಂದು ಅಭಿಪ್ರಾಯ ಇದೆ. ನಮ್ಮೆಲ್ಲರಿಗೂ ಹೇಳಿದ್ದಾರೆ, ಟೀಚರಿಗೆ ಮಾತ್ರ ಹೇಳಿಲ್ಲ.